ದ್ವೀಪದಲ್ಲಿ ಮನೆಮಂದಿ ಜೊತೆ ಹಕ್ಕಿ ನೋಡುವುದು: ಯಾವುದು ಮೊದಲು, ಯಾವುದು ಆಮೇಲೆ

ಹೆಚ್ಚಿನವರು ಎಡವುವುದು ಒಂದೇ ಕಡೆ. ಟಿಕೆಟ್ ಆಯಿತು, ಕಡಲಂಚಿನಲ್ಲಿ ರೂಮ್ ಆಯಿತು, ಹೊಸ ಬೈನಾಕ್ಯುಲರ್ ಬಂತು. ತಿಂಡಿ ಮುಗಿಸಿ ಒಂಬತ್ತೂವರೆಗೆ ಕಾಡಿನೊಳಗೆ ಕಾಲಿಟ್ಟರು. ನಾಲ್ಕೂ ಕಡೆ ಕೂಗು ಕೇಳುತ್ತದೆ, ಕಣ್ಣಿಗೆ ಒಂದೂ ಬೀಳುವುದಿಲ್ಲ. ಹತ್ತೂವರೆಗೆ ಮಗುವಿನ ಅಳು ಶುರು. ಹನ್ನೊಂದಕ್ಕೆ ಎಲ್ಲರೂ ವಾಪಸ್. ಮಾರನೇ ದಿನ ಹಕ್ಕಿಯ ಸುದ್ದಿಯನ್ನೇ ಯಾರೂ ಎತ್ತುವುದಿಲ್ಲ.

ಇಲ್ಲಿ ತಪ್ಪಿದ್ದು ಕ್ರಮ. ಜಾಗ ಮೊದಲು ಹಿಡಿದು ಹೊತ್ತನ್ನು ಆಮೇಲೆ ನೋಡಿದರು. ಉಷ್ಣವಲಯದ ದ್ವೀಪದಲ್ಲಿ ಮೊದಲು ತಿಳಿಯಬೇಕಾದದ್ದು ಹೊತ್ತು: ಸೂರ್ಯ ಎಷ್ಟಕ್ಕೆ ಹುಟ್ಟುತ್ತಾನೆ, ಕಡಲ ನೀರು ಯಾವಾಗ ಏರುತ್ತದೆ, ಮನೆಯ ಅತಿ ಚಿಕ್ಕವರ ತಾಳ್ಮೆ ಎಷ್ಟು ಹೊತ್ತು ಬರುತ್ತದೆ. ಈ ಮೂರೂ ಕೂಡಿಬರುವ ಸಮಯ ದಿನಕ್ಕೆ ಎರಡು ಮೂರು ಗಂಟೆ ಸಿಕ್ಕರೆ ಹೆಚ್ಚು. ಅದನ್ನು ಹಿಡಿದುಕೊಂಡು ಉಳಿದದ್ದನ್ನು ಜೋಡಿಸಬೇಕು.

ಹಂತ 1: ತಿಂಗಳು ನೋಡಿ, ಆಮೇಲೆ ಟಿಕೆಟ್

ಶಾಲೆಗೆ ರಜೆ ಯಾವಾಗ ಅಂತ ನೋಡಿ ದಿನ ಗೊತ್ತುಮಾಡುವುದು ಸಹಜ. ಆದರೆ ಆ ರಜೆಯಲ್ಲಿ ಯಾವ ಹಕ್ಕಿ ಇರುತ್ತದೆ ಅನ್ನುವುದನ್ನೂ ಜೊತೆಗೇ ನೋಡಿ. ಕೆಸರಿನಲ್ಲಿ ಕೊಕ್ಕು ಚುಚ್ಚುತ್ತ ಓಡಾಡುವ ಗೊರವದಂಥ ಹಕ್ಕಿಗಳಲ್ಲಿ ಬಹುಪಾಲು ಉತ್ತರದ ತಂಪು ನಾಡುಗಳಲ್ಲಿ ಮರಿ ಮಾಡಿ ಉಷ್ಣವಲಯಕ್ಕೆ ಬರುವ ವಲಸಿಗರು. ಆಗಸ್ಟ್–ಸೆಪ್ಟೆಂಬರ್‌ನಿಂದ ಬರತೊಡಗುತ್ತವೆ. ಏಪ್ರಿಲ್–ಮೇ ಹೊತ್ತಿಗೆ ಹೊರಟುಬಿಡುತ್ತವೆ. ಜೂನ್‌ನಲ್ಲಿ ಹೋದವರಿಗೆ ಸಿಗುವುದು ಬಹುಮಟ್ಟಿಗೆ ಖಾಲಿ ಕೆಸರು.

ಕಡಲ ಹಕ್ಕಿಗಳ ಲೆಕ್ಕ ಬೇರೆ. ಸೇಶೆಲ್ಸ್‌ನ ಬರ್ಡ್ ಐಲ್ಯಾಂಡ್‌ನಲ್ಲಿ ಲಕ್ಷಗಟ್ಟಲೆ ರೀವಗಳು (ಟರ್ನ್ ಎಂಬ ಕಡಲ ಹಕ್ಕಿಗಳು) ನೆಲದ ಮೇಲೆ ಮೊಟ್ಟೆ ಇಟ್ಟು ಮರಿ ಮಾಡುವುದು ವರ್ಷದ ನಡುವಿನ ತಿಂಗಳುಗಳಲ್ಲಿ, ಅಂದರೆ ದಡದ ವಲಸಿಗರು ಊರಲ್ಲಿಲ್ಲದ ಕಾಲದಲ್ಲೇ. ಎರಡೂ ಒಂದೇ ಪ್ರವಾಸದಲ್ಲಿ ಬೇಕು ಅಂತ ಹಟ ಹಿಡಿಯಬೇಡಿ. ಒಂದನ್ನು ಆರಿಸಿಕೊಳ್ಳಿ.

ಬಿರುಗಾಳಿಯ ಕಾಲವನ್ನೂ ತಪ್ಪಿಸಬೇಕು. ಕೆರಿಬಿಯನ್ ಕಡೆ ಅದು ಜೂನ್‌ನಿಂದ ನವೆಂಬರ್. ಮಾರಿಷಸ್, ಮಡಗಾಸ್ಕರ್ ಕಡೆ ನವೆಂಬರ್‌ನಿಂದ ಏಪ್ರಿಲ್. ಆ ತಿಂಗಳುಗಳಲ್ಲಿ ದಿನವೂ ಗಾಳಿ ಬೀಸುತ್ತದೆ ಅಂತಲ್ಲ. ಆದರೆ ದೋಣಿ ರದ್ದಾಗಿ ಮಕ್ಕಳೊಂದಿಗೆ ಸಣ್ಣ ದ್ವೀಪದಲ್ಲಿ ಸಿಕ್ಕಿಬೀಳುವುದು ಯಾರಿಗೂ ಬೇಡ.

ಹಂತ 2: ಹೋಟೆಲ್ ಇರುವ ಕಡೆ ಹಕ್ಕಿ ಇರುತ್ತದೆ ಅಂದುಕೊಳ್ಳಬೇಡಿ

ಹೋಟೆಲ್‌ಗಳು ಬಿಸಿಲು ಹುಡುಕಿಕೊಂಡು ಒಣ ಮಗ್ಗುಲಿಗೆ ಹೋಗುತ್ತವೆ. ಕಾಡು ಮಳೆ ಬೀಳುವ ಮಗ್ಗುಲಿಗೆ ಬೆಳೆಯುತ್ತದೆ. ಹವಾಯಿಯಲ್ಲಿ ಈಶಾನ್ಯದ ಗಾಳಿ ಪೂರ್ವದ ಮಗ್ಗುಲಿಗೆ ಮಳೆ ಸುರಿಸುತ್ತದೆ, ಪಶ್ಚಿಮ ಒಣಗಿರುತ್ತದೆ. ಗುಡ್ಡ ಇರುವ ಬಹಳಷ್ಟು ದ್ವೀಪಗಳಲ್ಲಿ ಹೀಗೆ ಎರಡು ಮುಖ ಇರುತ್ತದೆ. ನಕ್ಷೆಯಲ್ಲಿ ಗುಡ್ಡ ಎಲ್ಲಿದೆ, ಗಾಳಿ ಯಾವ ಕಡೆಯಿಂದ ಬರುತ್ತದೆ ಅಂತ ನೋಡಿದರೆ ಅರ್ಧ ಕೆಲಸ ಮುಗಿಯಿತು.

ಇನ್ನೊಂದು ಮಾತು, ಇದು ತುಂಬ ಜನಕ್ಕೆ ಗೊತ್ತಿರುವುದಿಲ್ಲ. ಹೋಟೆಲ್ ತೋಟದಲ್ಲಿ ಕಾಣುವ ಹಕ್ಕಿಗಳಲ್ಲಿ ಹಲವು ಆ ದ್ವೀಪದವೇ ಅಲ್ಲ, ಜನ ತಂದು ಬಿಟ್ಟವು. ಮಾರಿಷಸ್‌ನಲ್ಲಿ ತೋಟದ ತುಂಬ ಕೂಗುವ ಕೆಮ್ಮೀಸೆ ಪಿಕಳಾರ ಏಷ್ಯಾದಿಂದ ಹೋದದ್ದು. ಅಲ್ಲಿನದೇ ಆದ ಗುಲಾಬಿ ಪಾರಿವಾಳ ಬೇಕಾದರೆ ಬ್ಲ್ಯಾಕ್ ರಿವರ್ ಗಾರ್ಜಸ್‌ನಂಥ ಕಾಡಿಗೇ ಹೋಗಬೇಕು. ಹವಾಯಿಯಲ್ಲಿ ಕಾರಣ ಇನ್ನೂ ಕಟುವಾದದ್ದು. ಹೊರಗಿಂದ ಬಂದ ಸೊಳ್ಳೆಗಳು ಹಕ್ಕಿ ಮಲೇರಿಯಾ ಹರಡಿದವು. ಹೀಗಾಗಿ ಅಲ್ಲಿನ ಹನಿಕ್ರೀಪರ್ ಹಕ್ಕಿಗಳಲ್ಲಿ ಹೆಚ್ಚಿನವು ಸೊಳ್ಳೆಗೆ ಚಳಿಯಾಗುವ ಎತ್ತರದ ಕಾಡುಗಳಲ್ಲಿ ಮಾತ್ರ ಉಳಿದುಕೊಂಡಿವೆ. ಕಡಲಂಚಿನಲ್ಲಿ ವಾರಗಟ್ಟಲೆ ಕೂತರೂ ಸಿಗುವುದಿಲ್ಲ.

ಹಾಗಾಗಿ ಉಳಿಯುವ ಜಾಗ ಹಿಡಿಯುವಾಗ ಒಂದೇ ಅಳತೆ ಇಟ್ಟುಕೊಳ್ಳಿ: ಮೊದಲ ಬೆಳಕಿಗೆ ಕಾಡಿನ ಅಂಚಿನಲ್ಲಿ ಇರಬೇಕು, ದಾರಿ ಅರ್ಧ ಗಂಟೆ ಮೀರಬಾರದು. ಇದಕ್ಕಿಂತ ದೂರವಾದರೆ ಮಕ್ಕಳನ್ನು ಎಬ್ಬಿಸುವ ಹೊತ್ತಿಗೇ ಜಗಳ. ತಿರುವಿನ ರಸ್ತೆಯಾದರೆ ವಾಂತಿ ಬೇರೆ. ವಾರದ ಪ್ರವಾಸಕ್ಕೆ ಎರಡು ತಂಗುದಾಣ ಸಾಕು, ಒಂದು ಕಾಡಿನ ಹತ್ತಿರ, ಒಂದು ಕೆಸರು ಬಯಲು ಅಥವಾ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹತ್ತಿರ.

ರಕ್ಷಿತ ಜಾಗಗಳ ನಿಯಮ ಮೊದಲೇ ಕೇಳಿಕೊಳ್ಳಿ. ಶ್ರೀಲಂಕಾದ ಸಿಂಹರಾಜ ಕಾಡಿಗೆ ಗೈಡ್ ಇಲ್ಲದೆ ಬಿಡುವುದಿಲ್ಲ. ಸೇಶೆಲ್ಸ್‌ನ ಕಸಿನ್ ದ್ವೀಪಕ್ಕೆ ಹೊರಗಿನ ದೋಣಿ ದಡ ಮುಟ್ಟುವಂತಿಲ್ಲ, ನಡುನೀರಿನಲ್ಲಿ ಅವರದೇ ದೋಣಿಗೆ ಬದಲಿಸಿಕೊಳ್ಳಬೇಕು. ಇಲಿಯಂಥವು ಬರಬಾರದು ಅಂತ ಈ ಎಚ್ಚರಿಕೆ. ಅತಿಯಾಯಿತು ಅನ್ನಿಸಿದರೆ ಗುವಾಮ್ ನೆನಪಿಸಿಕೊಳ್ಳಿ. ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಸರಕಿನ ಜೊತೆ ಬಂದ ಒಂದು ಜಾತಿಯ ಹಾವು ಆ ದ್ವೀಪದ ಕಾಡುಹಕ್ಕಿಗಳನ್ನು ಹೆಚ್ಚುಕಡಿಮೆ ಬರಿದು ಮಾಡಿತು.

ಹಂತ 3: ಸಾಮಾನು

ಬೈನಾಕ್ಯುಲರ್ ಮೇಲಿನ ಎರಡು ಅಂಕಿಗಳಲ್ಲಿ ಮೊದಲನೆಯದು ಎಷ್ಟು ಪಟ್ಟು ಹತ್ತಿರ ತರುತ್ತದೆ ಅಂತ, ಎರಡನೆಯದು ಮುಂದಿನ ಗಾಜಿನ ಅಗಲ ಮಿಲಿಮೀಟರ್‌ನಲ್ಲಿ. ದೊಡ್ಡವರಿಗೆ 8x42 ಒಳ್ಳೆಯದು, ಕಾಡಿನ ಮಬ್ಬಿನಲ್ಲೂ ಬೆಳಕು ಸಾಕಾಗುತ್ತದೆ. ಭಾರ ಅನ್ನಿಸಿದರೆ 8x32. 10 ಪಟ್ಟು, 12 ಪಟ್ಟು ಅಂತ ಮೇಲೆ ಹೋದಷ್ಟೂ ಕೈನಡುಕವೂ ದೊಡ್ಡದಾಗುತ್ತದೆ, ನೋಟದ ಅಗಲ ಕಿರಿದಾಗುತ್ತದೆ. ಎಲೆಗಳ ನಡುವೆ ಹಕ್ಕಿ ಹುಡುಕುವವರಿಗೆ ಅಗಲವೇ ಮುಖ್ಯ.

ಮಕ್ಕಳ ವಿಷಯದಲ್ಲಿ ಎಲ್ಲರೂ ಮರೆಯುವುದು ಕಣ್ಣುಗಳ ನಡುವಿನ ಅಂತರ. ದೊಡ್ಡವರ ಬೈನಾಕ್ಯುಲರನ್ನು ಪೂರ್ತಿ ಮಡಚಿದರೂ ಆರೇಳು ವರ್ಷದ ಮಗುವಿನ ಎರಡೂ ಕಣ್ಣಿಗೆ ಅದು ಸರಿಹೊಂದದೇ ಇರಬಹುದು. ಮಗು "ಕಾಣ್ತಾ ಇದೆ" ಅನ್ನುತ್ತದೆ, ನಿಜಕ್ಕೂ ಕಾಣುತ್ತಿರುವುದು ಕಪ್ಪು ಅಂಚು. ಕೊಳ್ಳುವಾಗ ಮಗುವನ್ನು ಕರೆದುಕೊಂಡು ಹೋಗಿ, ಎರಡು ವೃತ್ತ ಕೂಡಿ ಒಂದಾಗುತ್ತದೆಯಾ ಅಂತ ಕೇಳಿ. ಹಗುರವಾದ 6x30 ಮಕ್ಕಳ ಕೈಗೆ ಚೆನ್ನಾಗಿ ಒಗ್ಗುತ್ತದೆ. ಆಟಿಕೆ ಬೈನಾಕ್ಯುಲರ್ ಮಾತ್ರ ಬೇಡ. ಅದರಲ್ಲಿ ಏನೂ ಕಾಣದೆ ಮಗು "ಹಕ್ಕಿ ನೋಡೋದು ಬೋರು" ಅನ್ನುವ ತೀರ್ಮಾನಕ್ಕೆ ಬಂದುಬಿಡುತ್ತದೆ. ಐದಕ್ಕಿಂತ ಚಿಕ್ಕವರಿಗೆ ಸುಮ್ನೆ ಬರಿಗಣ್ಣು ಸಾಕು.

ಉಳಿದದ್ದು ಬೇಗ ಹೇಳುತ್ತೇನೆ. ಮಾಸಲು ಬಣ್ಣದ ಉದ್ದ ತೋಳಿನ ಬಟ್ಟೆ, ಟೋಪಿ, ತಲಾ ಒಂದೊಂದು ನೀರಿನ ಬಾಟಲಿ, ಉಪ್ಪು-ಸಕ್ಕರೆಯ ಓಆರ್‌ಎಸ್ ಪುಡಿ, ಮಡಚುವ ಸಣ್ಣ ಸ್ಟೂಲು (ಹಿರಿಯರಿದ್ದರೆ ಇದೇ ಎಲ್ಲಕ್ಕಿಂತ ಮುಖ್ಯ), ನೀರು ತಾಗದ ಚೀಲ, ಸಿಲಿಕಾ ಜೆಲ್ ಪೊಟ್ಟಣ. ಒದ್ದೆ ಕಾಡಿದ್ದರೆ ಇಂಬಳಕ್ಕೆ ಮೊಣಕಾಲುದ್ದದ ಕಾಲುಚೀಲ.

ಸೊಳ್ಳೆ ಮುಲಾಮಿನ ಬಗ್ಗೆ ಒಂದು ಎಚ್ಚರ. ಡೀಟ್ (DEET) ಎಂಬ ರಾಸಾಯನಿಕ ಇರುವ ಮುಲಾಮು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಹಚ್ಚಿದ ಕೈಯಲ್ಲೇ ಬೈನಾಕ್ಯುಲರ್ ಹಿಡಿದರೆ ಹಿಡಿಕೆ ಅಂಟಂಟಾಗುತ್ತದೆ. ಹಚ್ಚಿದ ಮೇಲೆ ಅಂಗೈ ಒರೆಸಿಕೊಳ್ಳಿ. ಸನ್‌ಸ್ಕ್ರೀನ್ ಮೊದಲು, ಅದು ಆರಿದ ಮೇಲೆ ಸೊಳ್ಳೆ ಮುಲಾಮು. ಡೆಂಗ್ಯೂ ಹರಡುವ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಅದರಲ್ಲೂ ಬೆಳಿಗ್ಗೆ ಮತ್ತು ಇಳಿಹೊತ್ತು. ಹಕ್ಕಿ ನೋಡುವ ಹೊತ್ತೂ ಅದೇ ಅಲ್ವಾ?

ಹಂತ 4: ಹೊರಡುವ ಮೊದಲೇ ಅಭ್ಯಾಸ

ಕಾಡಿನಲ್ಲಿ ಬೈನಾಕ್ಯುಲರ್ ಕಲಿಸಲು ಹೋಗಬೇಡಿ. ಕಲಿಯುವುದರೊಳಗೆ ಹಕ್ಕಿ ಹಾರಿಹೋಗಿರುತ್ತದೆ. ಮನೆಯಲ್ಲೇ ಮುಗಿಸಿ.

ಮೊದಲು ಹೊಂದಿಸುವುದು. ಕನ್ನಡಕ ಇದ್ದವರು ಕಣ್ಣಿನ ಬಳಿಯ ರಬ್ಬರ್ ಬಟ್ಟಲನ್ನು ಒಳಗೆ ತಳ್ಳಬೇಕು, ಇಲ್ಲದವರು ಹೊರಗೆ ಎಳೆಯಬೇಕು. ನಡುವಿನ ಕೀಲು ಬಾಗಿಸಿ ಒಂದೇ ವೃತ್ತ ಕಾಣುವ ಹಾಗೆ ಮಾಡಿ. ಬಲಗಡೆ ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಒಂದು ಬೋರ್ಡು ಸ್ಪಷ್ಟವಾಗಿಸಿ. ಆಮೇಲೆ ಎಡಗಡೆ ಮುಚ್ಚಿ, ಬಲಗಣ್ಣಿನ ಬಳಿಯ ಚಿಕ್ಕ ಉಂಗುರ ತಿರುಗಿಸಿ ಅದೇ ಬೋರ್ಡು ಸ್ಪಷ್ಟವಾಗಿಸಿ. ಆ ಉಂಗುರವನ್ನು ಮತ್ತೆ ಮುಟ್ಟಬೇಕಾಗಿಲ್ಲ. ಇನ್ನು ಮುಂದೆ ನಡುವಿನ ಚಕ್ರ ಮಾತ್ರ.

ಆಮೇಲೆ ಹುಡುಕುವುದು. ಎಲ್ಲರೂ ಮಾಡುವ ತಪ್ಪು, ಬೈನಾಕ್ಯುಲರನ್ನು ಕಣ್ಣಿಗಿಟ್ಟುಕೊಂಡು ಮರವೆಲ್ಲ ತಡಕಾಡುವುದು. ಬರಿಗಣ್ಣಲ್ಲಿ ಹಕ್ಕಿಯನ್ನು ದಿಟ್ಟಿಸಿ, ನೋಟ ಕದಲಿಸದೆ ಬೈನಾಕ್ಯುಲರನ್ನು ಕಣ್ಣಿಗೆ ಎತ್ತಿ. ದೂರದ ಒಂದು ಎಲೆಯನ್ನು ಗುರಿಯಿಟ್ಟು ಮಕ್ಕಳಿಗೆ ಇದನ್ನೇ ಆಟವಾಗಿ ಆಡಿಸಿ. ಬೈನಾಕ್ಯುಲರ್‌ನಲ್ಲಿ ಸೂರ್ಯನತ್ತ ಎಂದೂ ನೋಡಬಾರದು, ಕಣ್ಣಿಗೆ ಶಾಶ್ವತ ಹಾನಿಯಾಗುತ್ತದೆ. ಇದನ್ನು ಮಾತ್ರ ಆಟದ ದನಿಯಲ್ಲಿ ಹೇಳಬೇಡಿ.

ಕೊನೆಗೆ ತೋರಿಸುವುದು. "ಅಲ್ಲಿ, ಅಲ್ಲಿ ನೋಡು" ಅಂದರೆ ಯಾರಿಗೂ ಗೊತ್ತಾಗುವುದಿಲ್ಲ. ಬೆರಳು ಚಾಚಿದರೆ ಹಕ್ಕಿ ಹಾರುತ್ತದೆ. ಮರವನ್ನು ಗಡಿಯಾರದ ಹಾಗೆ ಭಾವಿಸಿ "ಒಣಕೊಂಬೆ ಇರುವ ಮರ, ಎರಡು ಗಂಟೆ ಕಡೆ, ಅಂಚಿನಿಂದ ಸ್ವಲ್ಪ ಒಳಗೆ" ಅಂತ ಮೆಲ್ಲಗೆ ಹೇಳುವುದನ್ನು ರೂಢಿ ಮಾಡಿ. ಇದೊಂದು ಬಂದರೆ ಮನೆಮಂದಿಯ ಅರ್ಧ ಜಗಳ ಕಡಿಮೆ.

ಹಂತ 5: ಹದಿನೈದು ಹಕ್ಕಿಯ ಪಟ್ಟಿ

ದ್ವೀಪದಲ್ಲಿ ಪಕ್ಕದ ಭೂಖಂಡಕ್ಕಿಂತ ಜಾತಿಗಳು ಕಡಿಮೆ. ಆದರೆ ಇರುವವುಗಳಲ್ಲಿ ಕೆಲವು ಬೇರೆಲ್ಲೂ ಇರುವುದಿಲ್ಲ. ಮಕ್ಕಳಿಗೆ ಇದು ಅನುಕೂಲವೇ. ದಪ್ಪ ಪುಸ್ತಕ ಕೊಟ್ಟು ಕೂರಿಸುವ ಬದಲು ಹದಿನೈದು ಹಕ್ಕಿ ಆರಿಸಿ: ಐದು ಸುಲಭ, ಐದು ಆ ದ್ವೀಪದಲ್ಲಷ್ಟೇ ಇರುವವು, ಐದು ದೊಡ್ಡ ಅಥವಾ ಗಾಢ ಬಣ್ಣದವು.

ಆರಿಸಲು ಇಬರ್ಡ್ ತಾಣ ಒಳ್ಳೆಯದು. ಜಾಗ ಕೊಟ್ಟರೆ ಯಾವ ಹಕ್ಕಿ ಯಾವ ತಿಂಗಳು ಕಂಡಿದೆ ಅಂತ ಹಸಿರು ಗೆರೆಗಳಲ್ಲಿ ತೋರಿಸುತ್ತದೆ. ಗೆರೆ ದಪ್ಪವಾದಷ್ಟೂ ಕಾಣುವ ಸಂಭವ ಜಾಸ್ತಿ. ನೀವು ಹೋಗುವ ತಿಂಗಳಲ್ಲಿ ಗೆರೆಯೇ ಇಲ್ಲದ ಹಕ್ಕಿಯನ್ನು ಪಟ್ಟಿಗೆ ಹಾಕಿ ಮಗುವಿಗೆ ಆಸೆ ಹುಟ್ಟಿಸಬೇಡಿ. ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್‌ನಲ್ಲಿ ಆ ಪ್ರದೇಶದ ಹಕ್ಕಿಗಳ ಕಟ್ಟನ್ನು ಮೊದಲೇ ಇಳಿಸಿಕೊಳ್ಳಿ, ಕಾಡಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಕೂಗು ಕೇಳಿ ಅದು ಹೇಳುವ ಹೆಸರನ್ನು ಸುಳಿವು ಅಂತ ತೆಗೆದುಕೊಳ್ಳಿ, ತೀರ್ಪು ಅಂತ ಅಲ್ಲ. ದ್ವೀಪದ ಹಕ್ಕಿಗಳ ಕೂಗು ಎಲ್ಲವೂ ಅದಕ್ಕೆ ಗೊತ್ತಿರುವುದಿಲ್ಲ.

ಹಂತ 6: ದಿನದ ಹೊತ್ತು ಹಾಕುವುದು

ಸಮಭಾಜಕದ ಹತ್ತಿರ ಹಗಲು ವರ್ಷವಿಡೀ ಸುಮಾರು 12 ಗಂಟೆ. ಸೂರ್ಯ ನೆಟ್ಟಗೆ ಏರುತ್ತಾನೆ, ಹೀಗಾಗಿ ಎಳೆಬಿಸಿಲು ಬೇಗ ಮುಗಿಯುತ್ತದೆ. ಹುಟ್ಟಿದ ಮೇಲಿನ ಎರಡೂವರೆ ಗಂಟೆ ಕಾಡಿಗೆ. ಮುಳುಗುವ ಮುಂಚಿನ ಒಂದೂವರೆ ಗಂಟೆ ಇನ್ನೊಂದು ಸುತ್ತಿಗೆ. ನಡುವೆ ಹಕ್ಕಿಗಳೂ ನೆರಳಲ್ಲಿ ಸುಮ್ಮನಿರುತ್ತವೆ, ನೀವೂ ಹಾಗೇ ಇರಿ. ಮುಸ್ಸಂಜೆ ಬಹಳ ಚಿಕ್ಕದು, ಸೂರ್ಯ ಮುಳುಗಿ ಅರ್ಧ ಗಂಟೆಯೊಳಗೆ ಕತ್ತಲು. ಕಾಡುದಾರಿಯಲ್ಲಿ ಇದ್ದರೆ ಮುಳುಗುವ ಮೊದಲೇ ತಿರುಗಿ.

ಕೈಗಡಿಯಾರ ಇಲ್ಲಿ ಮೋಸ ಮಾಡಬಹುದು. ಅಂಡಮಾನ್ ದ್ವೀಪಗಳು ಭಾರತದ ಗಡಿಯಾರವನ್ನೇ ಅನುಸರಿಸಿದರೂ ಬಹಳ ಪೂರ್ವಕ್ಕಿವೆ. ಅಲ್ಲಿ ಮೇ ತಿಂಗಳಲ್ಲಿ ಬೆಳಿಗ್ಗೆ ಐದಕ್ಕೆಲ್ಲ ಸೂರ್ಯ ಬಂದಿರುತ್ತಾನೆ, ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೇ ಮುಳುಗುತ್ತಾನೆ. ಆರೂವರೆಗೆ ಹೊರಟು "ಬೇಗ ಬಂದೆವು" ಅಂದುಕೊಂಡವರು ಒಳ್ಳೆಯ ಹೊತ್ತನ್ನು ಆಗಲೇ ಕಳೆದುಕೊಂಡಿರುತ್ತಾರೆ. ಹೋಗುವ ಜಾಗದ ಸೂರ್ಯೋದಯದ ವೇಳೆಯನ್ನು ನೋಡಿ ಅಲಾರಂ ಇಡಿ.

ಆಮೇಲೆ ಉಬ್ಬರದ ವೇಳಾಪಟ್ಟಿ. ಹೆಚ್ಚಿನ ಕಡೆ ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ದಿನದಿನಕ್ಕೂ 50 ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ವಾರದ ಯಾವ ದಿನ ಉಬ್ಬರ ಬೆಳಿಗ್ಗೆ ಎಂಟರ ಆಸುಪಾಸಿಗೆ ಅಥವಾ ಸಂಜೆ ಐದರ ಆಸುಪಾಸಿಗೆ ಬೀಳುತ್ತದೆ ನೋಡಿ, ಆ ದಿನಗಳನ್ನು ಕಡಲಂಚಿಗೆ ಇಟ್ಟು ಉಳಿದವನ್ನು ಕಾಡಿಗೆ ಕೊಡಿ. ಈ ಕೆಲಸವನ್ನು ಹತ್ತು ವರ್ಷ ದಾಟಿದ ಮಕ್ಕಳಿಗೇ ಒಪ್ಪಿಸಿ, ಅವರೇ ಚೆನ್ನಾಗಿ ಮಾಡುತ್ತಾರೆ.

ಹಂತ 7: ಕಾಡಿನಲ್ಲಿ

ನಡೆಯುವುದು ಕಡಿಮೆ, ನಿಲ್ಲುವುದು ಜಾಸ್ತಿ. ಇದನ್ನು ಒಪ್ಪಿಕೊಳ್ಳುವುದೇ ಕಷ್ಟ. ಹಣ ಕೊಟ್ಟು ಬಂದಿದ್ದೇವೆ, ಐದು ಕಿಲೋಮೀಟರ್ ದಾರಿ ಇದೆ, ಮುಗಿಸಬೇಕು ಅನ್ನಿಸುತ್ತದೆ. ಮುಗಿಸಬೇಡಿ. ಕಾಡಿನ ಅಂಚು, ತೊರೆಯ ಸೇತುವೆ, ಹಣ್ಣು ಬಿಟ್ಟ ಅತ್ತಿ ಅಥವಾ ಆಲದಂಥ ಮರ, ಇಂಥ ಮೂರು ಕಡೆ ಇಪ್ಪತ್ತಿಪ್ಪತ್ತು ನಿಮಿಷ ಕೂತರೆ ಉದ್ದ ನಡಿಗೆಗಿಂತ ಜಾಸ್ತಿ ಕಾಣುತ್ತದೆ. ಹಣ್ಣು ತಿನ್ನುವ ಪಾರಿವಾಳ, ಮಂಗಟ್ಟೆಗಳು ತಾವಾಗಿ ಬರುತ್ತವೆ.

ಸಿಂಹರಾಜದಂಥ ಮಳೆಕಾಡುಗಳಲ್ಲಿ ಹಲವು ಜಾತಿಯ ಹಕ್ಕಿಗಳು ಒಂದೇ ಗುಂಪಾಗಿ ಮೇಯುತ್ತ ಸಾಗುತ್ತವೆ. ಹರಟೆಮಲ್ಲಗಳು ಗಲಾಟೆ ಮಾಡುತ್ತ ಮುಂದೆ, ಕಾಜಾಣ ಜೊತೆಗೆ, ಅವುಗಳ ಸುತ್ತ ಉಳಿದವು. ಮುಕ್ಕಾಲು ಗಂಟೆ ಒಂದೂ ಇಲ್ಲ, ಆಮೇಲೆ ಹತ್ತು ನಿಮಿಷದಲ್ಲಿ ಎಲ್ಲ ಒಟ್ಟಿಗೇ. "ಇಲ್ಲೇನೂ ಇಲ್ಲ" ಅಂತ ಜನ ವಾಪಸ್ ಹೊರಡುವುದು ಸಾಮಾನ್ಯವಾಗಿ ಆ ಖಾಲಿ ಮುಕ್ಕಾಲು ಗಂಟೆಯಲ್ಲಿ. ಗುಂಪು ಬಂದಾಗ ಅದರ ಹಿಂದೆ ಓಡಬೇಡಿ, ಒಂದೇ ಕಿಂಡಿಯನ್ನು ನೋಡುತ್ತ ನಿಲ್ಲಿ. ಒಂದೊಂದಾಗಿ ಅಲ್ಲಿಂದಲೇ ದಾಟುತ್ತವೆ.

ನೆತ್ತಿಯ ಮೇಲಿನ ಹಕ್ಕಿ ನೋಡಿ ನೋಡಿ ಕುತ್ತಿಗೆ ಹಿಡಿಯುತ್ತದೆ. ಇಳಿಜಾರಿನ ರಸ್ತೆಯ ಮೇಲ್ಬದಿ ನಿಂತರೆ ಕೆಳಗಿನ ಮರದ ತುದಿ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಹಿರಿಯರಿಗೂ ಇದೇ ಹಿತ. ಮಳೆ ನಿಂತ ಕೂಡಲೇ ಹೊರಗೆ ಬನ್ನಿ, ಹಕ್ಕಿಗಳು ಮೈ ಒಣಗಿಸಿಕೊಂಡು ಮೇಯಲು ಶುರುಮಾಡುವ ಹೊತ್ತು ಅದು.

ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವ ಚಾಳಿ ಬೇಡ. ಬೇರೆ ಗಂಡು ತನ್ನ ಜಾಗಕ್ಕೆ ನುಗ್ಗಿದೆ ಅಂತ ಅದು ಮೇವು, ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ. ಬೆರಳೆಣಿಕೆಯಷ್ಟೇ ಉಳಿದ ದ್ವೀಪದ ಹಕ್ಕಿಗೆ ದಿನಕ್ಕೆ ಹತ್ತು ಗುಂಪು ಹೀಗೆ ಮಾಡಿದರೆ ಗತಿ ಏನು? ಗೈಡ್ ಹಾಕಲು ಹೊರಟರೂ ಬೇಡ ಅನ್ನಿ.

ಹಂತ 8: ಕಡಲಂಚಿನಲ್ಲಿ

ಇಳಿತದಲ್ಲಿ ಹೋದರೆ ಹಕ್ಕಿಗಳು ಅರ್ಧ ಕಿಲೋಮೀಟರ್ ಆಚೆ ಚುಕ್ಕಿಗಳಾಗಿ ಕಾಣುತ್ತವೆ. ಉಬ್ಬರ ತುಂಬುವ ಎರಡು ಗಂಟೆ ಮೊದಲು ಹೋಗಿ, ಸೂರ್ಯ ಬೆನ್ನಿಗೆ ಬರುವ ಹಾಗೆ ದಡದಲ್ಲಿ ಕೂರಿ. ನೀರು ಏರಿದಂತೆ ಕೆಸರು ಮುಚ್ಚುತ್ತದೆ, ಹಕ್ಕಿಗಳು ಹೆಜ್ಜೆಹೆಜ್ಜೆಗೂ ನಿಮ್ಮ ಕಡೆಗೇ ಬರುತ್ತವೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಹೆಚ್ಚು ಏರುವುದರಿಂದ ಇನ್ನೂ ಹತ್ತಿರ. ಚಿಕ್ಕ ಮಕ್ಕಳಿಗೆ ಇದಕ್ಕಿಂತ ಸುಲಭವಾದ ಹಕ್ಕಿ ನೋಟ ಇಲ್ಲ: ನಡಿಗೆ ಇಲ್ಲ, ಎಲೆಗಳ ಅಡ್ಡಿ ಇಲ್ಲ, ಎಣಿಸಲು ನೂರಾರು ಹಕ್ಕಿ.

ಕೆಸರು ಬಯಲಿನೊಳಗೆ ನಡೆಯಬೇಡಿ. ನೀರು ಏರುವ ವೇಗ ನಡುವಿನ ಎರಡು ಗಂಟೆಗಳಲ್ಲಿ ಅತಿ ಹೆಚ್ಚು. ಹಿಂದಿನ ಕಾಲುವೆ ಮೊದಲು ತುಂಬಿ ದಾರಿ ಕಟ್ಟಿಬಿಡುತ್ತದೆ. ಉತ್ತರ ಆಸ್ಟ್ರೇಲಿಯಾ, ಬೋರ್ನಿಯೊ, ಅಂಡಮಾನ್, ಶ್ರೀಲಂಕಾ ಕಡೆಯ ಕಾಂಡ್ಲಾ ಕಾಲುವೆಗಳಲ್ಲಿ ಉಪ್ಪುನೀರಿನ ಮೊಸಳೆ ಇರುತ್ತದೆ. ಅಲ್ಲಿ ನೀರಿನಂಚಿನಿಂದ ದೂರವೇ ಕೂರಬೇಕು. ಕೆರಿಬಿಯನ್ ದಡಗಳಲ್ಲಿ ಮಾಂಚಿನೀಲ್ ಎಂಬ ಮರ ಇದೆ, ಹಣ್ಣು ಪುಟ್ಟ ಸೇಬಿನ ಹಾಗೆ. ಮರದ ಹಾಲು ಮೈಗೆ ತಾಗಿದರೆ ಬೊಬ್ಬೆ ಬರುತ್ತದೆ. ಮಳೆಯಲ್ಲಿ ಅದರ ಕೆಳಗೆ ನಿಲ್ಲುವುದೂ ಅಪಾಯ.

ಹಂತ 9: ದೋಣಿ

ಒಂದು ಸಂಜೆಯಾದರೂ ದೋಣಿಗೆ ಇಡಿ. ನಡೆಯಲಾಗದ ಅಜ್ಜ ಅಜ್ಜಿಯೂ ಬರಬಹುದು. ಟ್ರಿನಿಡಾಡ್‌ನ ಕರೋನಿ ಜೌಗಿನಲ್ಲಿ ಸ್ಕಾರ್ಲೆಟ್ ಐಬಿಸ್ ಎಂಬ ಕಡುಕೆಂಪು ಕೆಂಬರಲುಗಳು ಸಂಜೆ ಕಾಂಡ್ಲಾ ಮರಗಳಿಗೆ ಹಿಂಡುಹಿಂಡಾಗಿ ಇಳಿಯುವುದನ್ನು ಕೂತಲ್ಲೇ ನೋಡಬಹುದು. ಬೇರೆ ದ್ವೀಪಗಳಲ್ಲೂ ಇಂಥ ಸಂಜೆ ತಂಗುವ ಜಾಗ ಇದೆಯಾ ಅಂತ ಕೇಳಿ.

ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯಾ ಅಂತ ಹತ್ತುವ ಮೊದಲು ಕಣ್ಣಾರೆ ನೋಡಿ. "ದೊಡ್ಡದನ್ನೇ ಬಿಗಿಯಾಗಿ ಕಟ್ಟಿದರಾಯ್ತು" ಅಂದರೆ ಇಳಿದುಬಿಡಿ. ತೆರೆದ ಕಡಲಿಗೆ ಹೋಗುವುದಾದರೆ ವಾಂತಿ ಮಾತ್ರೆ ಹೊರಡುವ ಮುಂಚೆಯೇ ತೆಗೆದುಕೊಳ್ಳಬೇಕು, ಶುರುವಾದ ಮೇಲೆ ನುಂಗಿ ಉಪಯೋಗ ಕಡಿಮೆ. ಮಕ್ಕಳಿಗೆ ಯಾವುದು, ಎಷ್ಟು ಅಂತ ವೈದ್ಯರನ್ನು ಕೇಳಿಕೊಂಡೇ ಹೊರಡಿ.

ಹಂತ 10: ನಿಲ್ಲಿಸಬೇಕಾದ ಸೂಚನೆಗಳು

ಮನುಷ್ಯರಲ್ಲಿ: ಮಾತಾಡುತ್ತಿದ್ದ ಮಗು ಏಕಾಏಕಿ ಮೌನವಾಗುವುದು, ತಲೆನೋವು, ವಾಕರಿಕೆ, ಗಂಟೆಗಟ್ಟಲೆ ಮೂತ್ರ ಬಾರದಿರುವುದು. ಇವು ಬಿಸಿಲು ತಾಗುತ್ತಿರುವ ಲಕ್ಷಣ. ನೆರಳಿಗೆ ಕರೆತಂದು ಬಟ್ಟೆ ಸಡಿಲಿಸಿ, ಗುಟುಕು ಗುಟುಕಾಗಿ ಓಆರ್‌ಎಸ್ ಕುಡಿಸಿ. ಮೈ ಕಾದು ಮಾತು ತೊದಲಿದರೆ ಅಥವಾ ಗೊಂದಲ ಕಂಡರೆ ಅದು ತುರ್ತು ಸ್ಥಿತಿ. ನೀರು ಸುರಿದು ಗಾಳಿ ಹಾಕಿ ಮೈ ತಣಿಸುತ್ತಲೇ ಆಸ್ಪತ್ರೆಗೆ ಓಡಬೇಕು.

ಹಕ್ಕಿಗಳಲ್ಲಿ: ರೀವಗಳು ತಲೆಯ ಮೇಲೇ ಎರಗಿ ಕೂಗುತ್ತಿದ್ದರೆ, ದಡದ ಪುಟ್ಟ ಹಕ್ಕಿ ರೆಕ್ಕೆ ಮುರಿದಂತೆ ನಟಿಸುತ್ತ ಎಳೆದುಕೊಂಡು ಹೋಗುತ್ತಿದ್ದರೆ, ನೀವು ಗೂಡಿನ ಹತ್ತಿರವೇ ಇದ್ದೀರಿ. ಮೊಟ್ಟೆ ಮರಳಿನ ಬಣ್ಣದ್ದೇ, ಸುಲಭಕ್ಕೆ ಕಾಣುವುದಿಲ್ಲ. ಫೋಟೊಗೆ ನಿಲ್ಲದೆ ಕಾಲ ಕೆಳಗೆ ನೋಡುತ್ತ ಬಂದ ದಾರಿಯಲ್ಲೇ ಹಿಂದಿರುಗಿ. ಕಾಯುವ ಹಕ್ಕಿ ಎದ್ದುಹೋದರೆ ಸುಡುಬಿಸಿಲಿಗೆ ಮೊಟ್ಟೆ ಸ್ವಲ್ಪ ಹೊತ್ತಿನಲ್ಲೇ ಕೆಡುತ್ತದೆ. ಸೇಶೆಲ್ಸ್‌ನ ಬಿಳಿ ರೀವವಂತೂ ಗೂಡೇ ಕಟ್ಟದೆ ಬರಿಕೊಂಬೆಯ ಮೇಲೆ ಒಂದೇ ಮೊಟ್ಟೆ ಇಡುತ್ತದೆ. ಅಂಥ ಕಡೆ ಮಕ್ಕಳು ಕೊಂಬೆ ಹಿಡಿದು ಅಲುಗಾಡಿಸದ ಹಾಗೆ ನೋಡಿಕೊಳ್ಳಿ.

ಹಂತ 11: ರಾತ್ರಿಯ ಅರ್ಧ ಗಂಟೆ

ಉಪ್ಪು ಗಾಳಿ ತಾಗಿದ ಗಾಜನ್ನು ಒಣಬಟ್ಟೆಯಲ್ಲಿ ಉಜ್ಜಬೇಡಿ, ಗೀರು ಬೀಳುತ್ತದೆ. ವಾಟರ್‌ಪ್ರೂಫ್ ಆಗಿದ್ದರೆ ಸಿಹಿನೀರಲ್ಲಿ ತೊಳೆದು, ಆಮೇಲೆ ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ. ಅಲ್ಲದಿದ್ದರೆ ಮೊದಲು ಊದಿ ಧೂಳು ತೆಗೆದು, ಬಟ್ಟೆಯ ತುದಿ ಒದ್ದೆ ಮಾಡಿ ಮೆಲ್ಲಗೆ ಒರೆಸಿ. ಪೂರ್ತಿ ಒಣಗಿದ ಮೇಲೆ ಸಿಲಿಕಾ ಜೆಲ್ ಜೊತೆ ಡಬ್ಬಿಗೆ ಹಾಕಿ, ತೇವ ಉಳಿದರೆ ಗಾಜಿನೊಳಗೆ ಬೂಸ್ಟು ಬೆಳೆಯುತ್ತದೆ. ಎಸಿ ರೂಮಿನಲ್ಲಿ ತಣ್ಣಗಾದ ಬೈನಾಕ್ಯುಲರನ್ನು ಬೆಳಿಗ್ಗೆ ಸೆಕೆಗೆ ತಂದರೆ ಮಂಜು ಕಟ್ಟಿ ಒಳ್ಳೆಯ ಹೊತ್ತಿನಲ್ಲೇ ಏನೂ ಕಾಣುವುದಿಲ್ಲ. ಹೊರಡುವ ಅರ್ಧ ಗಂಟೆ ಮೊದಲೇ ಚೀಲದ ಸಮೇತ ಬಾಲ್ಕನಿಯಲ್ಲಿಡಿ.

ಪಟ್ಟಿಯಲ್ಲಿ ಕಂಡವಕ್ಕೆ ಗುರುತು ಹಾಕುವ ಕೆಲಸ ಮಕ್ಕಳದು. ಖಚಿತವಿಲ್ಲದ್ದಕ್ಕೆ ಪ್ರಶ್ನೆ ಗುರುತು ಹಾಕಲಿ, ಯಾರೂ ಒತ್ತಾಯ ಮಾಡಿ ಹೆಸರು ತುಂಬಿಸಬಾರದು. ಎಷ್ಟು ಹೊತ್ತು ನೋಡಿದಿರಿ, ಎಷ್ಟು ದೂರ ನಡೆದಿರಿ ಅನ್ನುವುದನ್ನೂ ಸೇರಿಸಿ ಇಬರ್ಡ್‌ಗೆ ಏರಿಸಿ. ಅಪರೂಪದ ಹಕ್ಕಿಯ ಗೂಡು ಕಂಡಿದ್ದರೆ ಅದರ ಜಾಗವನ್ನು ಮಾತ್ರ ಎಲ್ಲೂ ಬರೆಯಬೇಡಿ, ವಾಟ್ಸ್ಆ್ಯಪ್ ಗುಂಪಿಗೂ ಹಾಕಬೇಡಿ. ಕೊನೆಗೆ ನಾಳಿನ ಸೂರ್ಯೋದಯ, ಉಬ್ಬರದ ವೇಳೆ ನೋಡಿ ಅಲಾರಂ ಇಟ್ಟು ಮಲಗಿ.